ರೊಟ್ಟಿ ಬಡಿದ ಗಡಿಯಾರ

ಹುಕ್ಕೇರಿ
ಸೋಮವಾರ, ೧೩ ಜನವರಿ ೨೦೨೫

ಮೂಡಲಗಿಯಲ್ಲಿ ಅಂಗಡಿಯ ಗಾದಿಯ ಮೇಲೆ ಕೂತಿರುವ ನಮ್ಮ ಮನೆಯವರಿಗೆ ಚನ್ನವ್ವನ ಶರಣು.

ಕೂತಿರುವ ಎಂದು ನೋಡದೆಯೇ ಬರೆದಿದ್ದೇನೆ. ತಪ್ಪಾಗಿರಲಾರದು.

ಈ ಕಾಲದಲ್ಲಿ ಯಾರು ಪತ್ರ ಬರೆಯುತ್ತಾರೆ ಎಂದು ನಗಬೇಡಿ. ದೀಪಾವಳಿ ಮುಗಿದ ಮೇಲೆ ನಾಗನೂರಿನಲ್ಲಿ ನಿಮ್ಮ ದೊಡ್ಡಪ್ಪನ ಮಗನ ಗೃಹಪ್ರವೇಶದ ದಿನ, ಅಷ್ಟು ಜನರ ಮುಂದೆ, "ಇನ್ನ ನಿಮ್ಮ ಜೋಡಿ ಬಾಯಿ ಬಿಚ್ಚಿ ಮಾತಾಡಿದರ ಕೇಳ್ರಿ" ಎಂದು ಹೇಳಿ ತವರಿಗೆ ಬಂದವಳು ನಾನು. ಆಡಿದ ಮಾತಿಗೆ ತಪ್ಪುವವಳಲ್ಲ. ಆದರೆ ಬಾಯಿ ಬಿಚ್ಚುವುದಿಲ್ಲ ಎಂದಿದ್ದೆನೇ ಹೊರತು ಕೈ ಆಡಿಸುವುದಿಲ್ಲ ಎಂದಿರಲಿಲ್ಲ. ಫೋನು ಮಾಡಬಹುದಿತ್ತಲ್ಲ ಎಂದರೆ ಅದಕ್ಕೂ ಬಾಯಿಯೇ ಬೇಕು. ವಾಟ್ಸಾಪಿನಲ್ಲಿ ಬರೆದರೆ ನೀವು ಅದನ್ನು ಅಂಗಡಿಗೆ ಬೆಲ್ಲ ಒಯ್ಯಲು ಬಂದವರಿಗೂ "ನೋಡ್ರಿ, ಏನ ಬರದಾಳ" ಎಂದು ತೋರಿಸುತ್ತೀರಿ. ಅದಕ್ಕೇ ಈ ಪತ್ರ. ನನ್ನ ತಮ್ಮ ರಾಚಪ್ಪನ ಪಾತ್ರೆ ಅಂಗಡಿಯ ಬಿಲ್ಲಿನ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಮೇಲೆ ಅಂಗಡಿಯ ಹೆಸರು ನೋಡಿ, ಇಷ್ಟು ದಿನದ ಊಟದ ಬಿಲ್ಲು ಕಳಿಸಿದ್ದಾರೆಂದು ಗಾಬರಿಯಾಗಬೇಡಿ.

ಕೊನೆಯ ಹಾಳೆಯನ್ನು ಮೊದಲು ಓದಬೇಡಿ. ನಿಮ್ಮ ಚಟ ನನಗೆ ಗೊತ್ತು. ನಿಮಗೆ ಬೇಕಾದ ಸುದ್ದಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಗಡಿಯಾರ ಇನ್ನೂ ಮಾರಾಟವಾಗಿಲ್ಲ. ಅದರಲ್ಲಿ ಗಡಿಯಾರದ ತಪ್ಪಿಲ್ಲ, ಕೊಳ್ಳಲು ಬಂದವರ ತಪ್ಪೂ ಇಲ್ಲ. ಇನ್ನು ಉಳಿದವರು ಯಾರೆಂದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಗುರುವಾರ ನೀವು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ ಚೀಲ ಬಂತು. ಅದರಲ್ಲಿ ನಿಮ್ಮ ಕರವಸ್ತ್ರದಲ್ಲಿ ಸುತ್ತಿದ ಗಡಿಯಾರ, ರಾಚಪ್ಪನ ಹೆಸರಿಗೆ ಒಂದು ಚೀಟಿ, ರಾಚಪ್ಪನ ಹೆಸರಿಗೇ ಒಂದು ಡಬ್ಬಿ ಕರದಂಟು. ಹಳೆಯ ಗಡಿಯಾರಗಳನ್ನು ಕೂಡಿಸಿಡುವ ಹವ್ಯಾಸದ ಇಬ್ಬರು ಭಾನುವಾರ ಬರುತ್ತಾರೆ, ಧಾರವಾಡದಿಂದ ಹೆದ್ದಾರಿ ಹಿಡಿದು ಬರುವವರಿಗೆ ಹುಕ್ಕೇರಿ ಅನುಕೂಲ, ಅವರು ಬರುವ ಹೊತ್ತಿಗೆ ಗಡಿಯಾರ ನಡೆಯುತ್ತಿರಬೇಕು, ಅದನ್ನು ದಿನಾ ನೀವೇ ಕಟ್ಟುತ್ತಿದ್ದಿರಿ ಎಂದು ಹೇಳಬೇಕು, ಹೆಚ್ಚಿಗೆ ಏನೂ ಮಾತಾಡಬಾರದು ಎಂದು ಚೀಟಿಯಲ್ಲಿ ಬರೆದಿದ್ದಿರಿ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಆದರೆ ಪಾತ್ರೆ ಅಂಗಡಿಯಲ್ಲಿ ಕೂರುವ ರಾಚಪ್ಪನಿಂದ ಆ ಗಡಿಯಾರ ನಡೆಯುವುದಿಲ್ಲವೆಂದು ನಿಮಗೆ ಗೊತ್ತು, ನನಗೂ ಗೊತ್ತು. ಕೆಲಸ ನನಗೆ, ಚೀಟಿ ರಾಚಪ್ಪನಿಗೆ! ಇನ್ನು ಕರದಂಟು. ರಾಚಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಐದಾರು ವರ್ಷವಾಯಿತು. ಅವನನ್ನು ಘಟಪ್ರಭಾದ ಆಸ್ಪತ್ರೆಗೆ ಕರೆದುಕೊಂಡು ಹೋದವರೇ ನೀವು. ಅವನ ಹೆಸರಿಗೆ ಕರದಂಟು ಏಕೆ ಬಂತೆಂದು ಯೋಚಿಸುತ್ತಲೇ ಅರ್ಧ ಡಬ್ಬಿ ನಾನು ತಿಂದು ಮುಗಿಸಿದೆ. ಅಂಟು ಕಡಿಮೆ ಹಾಕಿದ್ದಾರೆ, ಮುಂದಿನ ಸಲ ನೋಡಿ ತನ್ನಿ.

ಪಟ್ಟಿ ಸವೆದಿದೆ, ಬದಲಿಸಬೇಕು ಎಂದೂ ಬರೆದಿದ್ದಿರಿ. ಸವೆದ ಪಟ್ಟಿಯ ಮೇಲೆ ಹಲ್ಲಿನ ಗುರುತು ಇರುತ್ತದೆಯೇ?

ನೀವು ಮುಚ್ಚಿಟ್ಟರೆ ನನಗೆ ತಿಳಿಯುವುದಿಲ್ಲವೆಂದು ತಿಳಿದಿರಿ. ಎದುರುಮನೆಯ ತಾಯವ್ವನಿಗೂ ನನಗೂ ಮಾತು ನಿಂತಿಲ್ಲ, ಅವಳ ಜೋಡಿ ನಾನು ಜಗಳವನ್ನೇ ಆಡಿಲ್ಲ. ದಿನಾ ಫೋನು ಮಾಡುತ್ತಾಳೆ. ನಾನು ಬಂದ ಮೂರನೆಯ ದಿನಕ್ಕೇ ಗಡಿಯಾರ ನಿಂತಿತಂತೆ. ನೀವು ಚಳಿಗೆ ಎಣ್ಣೆ ಗಟ್ಟಿಯಾಗಿದೆ ಎಂದು ಊರಿಗೆಲ್ಲ ಹೇಳಿದಿರಂತೆ. ಆಮೇಲೆ ಏನು ತಲೆಗೆ ಬಂತೋ, ಘಟಪ್ರಭಾಕ್ಕೆ ಹೋಗಿ ಮಗಳು ಲಕ್ಷ್ಮಿಯನ್ನು ಹಿಡಿದು ಅದರ ಫೋಟೋ ತೆಗೆಸಿ ಫೋನಿನಲ್ಲಿ ಮಾರಾಟಕ್ಕೆ ಹಾಕಿಸಿದಿರಿ. ಕೊಳ್ಳುವವರು ನಡೆಯುವುದನ್ನು ವಿಡಿಯೋ ಮಾಡಿ ಕಳಿಸಿ ಎಂದಾಗ ನಿಮಗೆ ಇಕ್ಕಟ್ಟಾಯಿತು. ಬೇರೆಯವರಾಗಿದ್ದರೆ ಕೈಗೆ ಕಟ್ಟಿಕೊಂಡು ಊರ ಹೊರಗಿನ ತನಕ ನಡೆದು ಬರುತ್ತಿದ್ದರು. ನೀವು ತಾಯವ್ವನ ಆಡಿನ ಕೊರಳಿಗೆ ಕಟ್ಟಿದಿರಿ.

ಆಡು ಜಿಗಿಯುತ್ತದೆ, ಗಡಿಯಾರ ನಡೆಯುತ್ತದೆ, ನೀವು ಕಟ್ಟೆಯ ಮೇಲೆ ಕೂತು ನೋಡಬಹುದು ಎಂಬುದು ನಿಮ್ಮ ಲೆಕ್ಕಾಚಾರ. ಆಡು ಸ್ವಲ್ಪ ಹೊತ್ತು ಜಿಗಿದು, ಕೊರಳಲ್ಲಿ ಏನೋ ಟಿಕ್ ಟಿಕ್ ಎನ್ನುತ್ತಿದೆ ಎಂದು ಬೆದರಿ, ಕುಲಗೋಡ ರಸ್ತೆ ಹಿಡಿದು ಕಬ್ಬಿನ ಗದ್ದೆಯೊಳಗೆ ನುಗ್ಗಿತು. ಅದರ ಹಿಂದೆ ನೀವು ಓಡಿದಿರಿ. ಧೋತರ ಎತ್ತಿ ಕಟ್ಟಿ ಓಡಿದಿರಿ ಎಂದು ತಾಯವ್ವ ಹೇಳಿದಾಗ ನಾನು ನಂಬಲಿಲ್ಲ, ಮೂರು ಸಲ ಕೇಳಿದೆ. ಆಡು ಸಿಕ್ಕಾಗ ಅದು ಪಕ್ಕದ ಇನ್ನೊಂದು ಆಡಿನ ಬಾಯಿಗೆ ಕೊರಳು ಕೊಟ್ಟು ನಿಂತಿತ್ತಂತೆ, ಆ ಇನ್ನೊಂದು ಆಡು ಚರ್ಮದ ಪಟ್ಟಿ ಅಗಿಯುತ್ತಿತ್ತಂತೆ. ಅಲ್ಲರೀ, ಆ ಗಡಿಯಾರವನ್ನು ನಿಮ್ಮ ಕೈಗೇ ಕಟ್ಟಿಕೊಂಡು ಅಷ್ಟು ಓಡಿದ್ದರೆ ವಾರದ ತನಕ ನಿಲ್ಲುತ್ತಿರಲಿಲ್ಲ!

ನಗು ಬಂತು, ಸುಳ್ಳೇಕೆ ಹೇಳಲಿ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನೀರು ಬಂದ ಮೇಲೆ ಅದು ಬರೀ ನಗುವಿನದಾಗಿ ಉಳಿಯಲಿಲ್ಲ. ಅದಿರಲಿ.

ನಲವತ್ತು ವರ್ಷ ಬಾಯಿ ಬಿಡದ ಒಂದು ಸಂಗತಿಯನ್ನು ಈಗ ಬರೆಯುತ್ತೇನೆ. ಅಳಿಯನಿಗೆ ಮದುವೆಯಲ್ಲಿ ಗಡಿಯಾರ ಕೊಡುವುದು ನಮ್ಮ ಕಡೆಯ ಪದ್ಧತಿ. ಎಲ್ಲರೂ ಕೀಲಿ ಕೊಡುವ ಗಡಿಯಾರ ಕೊಡುತ್ತಿದ್ದ ಕಾಲದಲ್ಲಿ ನಮ್ಮ ಅಪ್ಪ ಮುಂಬೈಗೆ ಹೋಗಿ ಆಟೋಮ್ಯಾಟಿಕ್ ತಂದಿದ್ದರು. ಹಂದರದಲ್ಲಿ ನಿಮ್ಮ ಕೈಗೆ ಕಟ್ಟುತ್ತ, "ಇದಕ್ಕ ಕೀಲಿ ಬ್ಯಾಡ, ಸೆಲ್ಲು ಬ್ಯಾಡ. ಅಳಿಯಂದಿರ ಕೈ ಆಡತಿದ್ದರ ಸಾಕು, ತಾನ ಆಡತೈತಿ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು. ಅಪ್ಪನಿಗೆ ಗಡಿಯಾರದ ಬಗ್ಗೆ ಎಲ್ಲ ಗೊತ್ತಿತ್ತು. ಅಳಿಯನ ಬಗ್ಗೆ ಗೊತ್ತಿರಲಿಲ್ಲ.

ವಾರದೊಳಗೆ ಗಡಿಯಾರ ನಿಂತಿತು. ನಿಮ್ಮ ಅವ್ವ, "ಬೀಗರು ಹುಳುಕ ಗಡಿಯಾರ ಕೊಟ್ಟಾರ" ಎಂದು ಓಣಿಯ ತುಂಬ ಹೇಳಿಕೊಂಡು ಬಂದರು. ಅಪ್ಪ ಹುಕ್ಕೇರಿಯಿಂದ ಓಡಿ ಬಂದು ಅದನ್ನು ಗೋಕಾಕದಲ್ಲಿ ರಿಪೇರಿಯವನಿಗೆ ತೋರಿಸಿದರು. ಅಲ್ಲಿ ಚೆನ್ನಾಗಿ ನಡೆಯಿತು. ನಿಮ್ಮ ಕೈಗೆ ಬಂದು ನಿಂತಿತು. ಮತ್ತೆ ಒಯ್ದರು, ಮತ್ತೆ ನಡೆಯಿತು, ಮತ್ತೆ ನಿಂತಿತು. ಕೊನೆಗೆ ರಿಪೇರಿಯವನು, "ಗಡಿಯಾರಕ್ಕ ಏನೂ ಆಗಿಲ್ಲರಿ. ಕಟ್ಟಿದವರು ಅಳ್ಳಾಡೂದಿಲ್ಲ" ಎಂದನಂತೆ. ನಿಮ್ಮನ್ನು ನೋಡದೆಯೇ ಹೇಳಿದ. ಗಾದಿಯ ಮೇಲೆ ಕೂತರೆ ತೂಗುವವನು ಬೇರೆ, ಕಟ್ಟುವವನು ಬೇರೆ, ಹಣ ಎಣಿಸಲು ಮಾತ್ರ ನಿಮ್ಮ ಬೆರಳು ಆಡುತ್ತಿತ್ತು, ಅದೂ ಬೆರಳಷ್ಟೇ, ಮುಂಗೈ ಅಲ್ಲ. ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, "ಯವ್ವಾ, ಮುಂಜಾನಿ ಇದನ್ನ ನೀ ಕಟ್ಟಿಕೊಂಡು ಕೆಲಸಾ ಮಾಡವಾ. ಯಾರಿಗೂ ಹೇಳಬ್ಯಾಡ. ಅಳಿಯಂದಿರ ಮರ್ಯಾದಿ, ನನ್ನ ಮರ್ಯಾದಿ ಎರಡೂ ಉಳೀತಾವ" ಎಂದರು. ಅಪ್ಪನ ಮುಖ ನೋಡಿ ಹೂಂ ಎಂದೆ.

ಅಂದಿನಿಂದ ಮುಂಜಾನೆ ಎದ್ದರೆ ನನ್ನ ಬಲಗೈಗೆ ಬಳೆಗಳ ಮೇಲೆ ಗಡಿಯಾರ. ಕಸ ಹೊಡೆದದ್ದು ಅದರ ಜೊತೆ, ಮಜ್ಜಿಗೆ ಕಡೆದದ್ದು ಅದರ ಜೊತೆ, ಎಲ್ಲಕ್ಕಿಂತ ಹೆಚ್ಚಾಗಿ ರೊಟ್ಟಿ ಬಡಿದದ್ದು ಅದರ ಜೊತೆ. ಹತ್ತು ಹನ್ನೆರಡು ರೊಟ್ಟಿ ಬಡಿದರೆ ಅದು ನಾಳೆಯ ತನಕ ಉಸಿರು ಹಿಡಿಯುತ್ತಿತ್ತು. ಬೀಗರು ಬಂದು ಇಪ್ಪತ್ತು ಬಡಿದ ದಿನವಂತೂ ಕೇಳಬೇಡಿ. ನೀವು ಸ್ನಾನ, ಲಿಂಗಪೂಜೆ ಮುಗಿಸಿ ಬರುವ ಹೊತ್ತಿಗೆ ಗಡಿಯಾರ ಗೂಟದ ಮೇಲಿರುತ್ತಿತ್ತು. ನೀವು ಅದರ ಮೇಲಿನ ಹಿಟ್ಟನ್ನು ಉಫ್ ಎಂದು ಊದಿ ಕಟ್ಟಿಕೊಂಡು ಹೋಗುತ್ತಿದ್ದಿರಿ. ಆ ಹಿಟ್ಟು ಎಲ್ಲಿಂದ ಬಂತೆಂದು ಒಂದು ದಿನವೂ ಕೇಳಲಿಲ್ಲ. ನಿಮಗೆ ಗೊತ್ತಿತ್ತೋ, ಗೂಟದಿಂದ ಹಿಟ್ಟು ಉದುರುತ್ತದೆ ಎಂದುಕೊಂಡಿದ್ದಿರೋ, ನನಗೆ ಇಂದಿಗೂ ತಿಳಿದಿಲ್ಲ. ನಾನೂ ಕೇಳಲಿಲ್ಲ. ಹೇಳುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ.

ಗಂಡ ಕಟ್ಟಿಕೊಂಡು ಮೆರೆಯಲಿ ಎಂದು ನಡೆಸಿದೆ. ಅದರಲ್ಲಿ ನನಗೆ ಬೇಸರವಿರಲಿಲ್ಲ, ಖುಷಿಯೇ ಇತ್ತು. ನೀವು ಅಂಗಡಿಯಲ್ಲಿ ಕೈ ಎತ್ತಿ ಸಮಯ ನೋಡಿದಾಗ ನನ್ನ ಮುಂಜಾನೆಯನ್ನೇ ನೋಡಿದಂತೆ ಅನಿಸುತ್ತಿತ್ತು. ಆದರೆ ನಾಗನೂರಿನಲ್ಲಿ ಏನು ಹೇಳಿದಿರಿ? ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೈ ತೋರಿಸಿ, "ನಲವತ್ತ ವರ್ಷ ಆತು, ಒಂದ ದಿನಾ ನಿಂತಿಲ್ಲ. ಇಂಥಾ ಗಡಿಯಾರ ದುಡಿಯೋ ಕೈಯಾಗ ಇರಬೇಕು" ಎಂದಿರಿ. ಅಷ್ಟಕ್ಕೆ ನಿಲ್ಲಿಸಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದೆ. ಯಾರೋ ಪಾಪದವರು, ಇಂಥದ್ದನ್ನು ಅಕ್ಕಾರಿಗೂ ಒಂದು ಕೊಡಿಸಬಾರದೇನ್ರಿ ಎಂದರೆ, "ಆಕಿಗ್ಯಾಕ? ಮನಿಯಾಗ ಕುಂತಾಕಿ. ಆಕಿ ಕೈಯಾಗ ಕಟ್ಟಿದರ ಮರುದಿನಾನ ನಿಲ್ಲತೈತಿ" ಎಂದು ನಕ್ಕಿರಿ. ನಾನು ಹೋಳಿಗೆ ಬಡಿಸುತ್ತ ನಿಮ್ಮ ಹಿಂದೆಯೇ ನಿಂತಿದ್ದೆ. ತಾಟನ್ನು ನಿಮ್ಮ ಎಲೆಯ ಮುಂದಿಟ್ಟು, ಹೇಳುವುದನ್ನು ಹೇಳಿ, ಅಲ್ಲಿಂದಲೇ ಬಸ್ಸು ಹತ್ತಿದೆ.

ಯಾರ ಕೈಯಲ್ಲಿ ನಿಂತಿತೆಂದು ಈಗ ಆಡಿಗೂ ಗೊತ್ತು.

ಇನ್ನು ಭಾನುವಾರದ ಕಥೆ. ಗುರುವಾರ ಸಂಜೆಯಿಂದಲೇ ಗಡಿಯಾರ ಕಟ್ಟಿಕೊಂಡೆ. ನಿಮಗಾಗಿ ಅಲ್ಲ, ಅಪ್ಪ ತಂದದ್ದು ನಿಂತಿರಬಾರದೆಂದು. ಆಡು ಅಗಿದ ಪಟ್ಟಿ ಕಟ್ಟಲು ಬಾರದ್ದರಿಂದ ರಾಚಪ್ಪನ ಹೆಂಡತಿಯ ಹಳೆಯ ರಿಬ್ಬನ್ನು ಹಾಕಿ ಬಿಗಿದೆ. ಮೊದಲ ರೊಟ್ಟಿ ದುಂಡಗಾಗುವ ಮೊದಲೇ ಸೆಕೆಂಡಿನ ಮುಳ್ಳು ಓಡತೊಡಗಿತು. ನನ್ನನ್ನು ಗುರುತು ಹಿಡಿಯಿತು ಎಂದು ರಾಚಪ್ಪನ ಹೆಂಡತಿ ಹೇಳಿದಳು. ನಾನು ಒಲೆಯ ಕಡೆ ಮುಖ ತಿರುಗಿಸಿಕೊಂಡೆ.

ಬಂದವರಲ್ಲಿ ಒಬ್ಬರು ಧಾರವಾಡದ ಕಾಶಿನಾಥ ಎಂಬ ಬ್ಯಾಂಕಿನ ನಿವೃತ್ತ ನೌಕರರು, ಇನ್ನೊಬ್ಬ ಅವರ ಜೊತೆಗಾರ ಗುರುರಾಜ, ಕೈಯಲ್ಲಿ ಸದಾ ವಿಡಿಯೋ ಫೋನು. ಕಾಶಿನಾಥ ಅವರು ರಾಚಪ್ಪನ ಗಲ್ಲಾದ ಮೇಲೆ ಬಟ್ಟೆ ಹಾಸಿ, ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಹುಡುಗಿ ನೋಡಲು ಬಂದವರ ಹಾಗೆ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಳ್ಳುಗಳ ಕೆಳಗಿನ ಬಿಳಿ ತಟ್ಟೆ ಜೇನಿನ ಬಣ್ಣಕ್ಕೆ ತಿರುಗಿತ್ತಲ್ಲ, ಹೊಗೆಗೆ ಹಾಳಾಯಿತೆಂದು ನಾನು ಒಳಗೇ ಅಳುಕುತ್ತಿದ್ದೆನಲ್ಲ, ಅದನ್ನೇ ಅವರು ಮೆಚ್ಚಿದರು. "ಈ ಬಣ್ಣಾ ಕಂಪನಿ ಹಚ್ಚಿದ್ದಲ್ಲರಿ, ಕಾಲ ಹಚ್ಚಿದ್ದು" ಎಂದರು. ಕಾಲವಲ್ಲ, ನಮ್ಮ ಒಲೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೆಚ್ಚಿಗೆ ಮಾತಾಡಬಾರದೆಂದು ಚೀಟಿಯಲ್ಲಿ ಬರೆದಿದ್ದಿರಲ್ಲ, ನುಂಗಿಕೊಂಡೆ.

ಆಮೇಲೆ ಅವರು ಸೂಜಿಯಿಂದ ಗಡಿಯಾರದ ಸಂದಿಯಲ್ಲಿ ಕೆದಕಿ ಬಿಳಿ ಪುಡಿ ತೆಗೆದರು. ಇದೇನೆಂದು ಕೇಳಿದರು. ರಾಚಪ್ಪ ತಡವರಿಸದೆ, "ಮಾಲಕರದು ಕಿರಾಣಿ ಅಂಗಡಿ ಐತ್ರಿ, ದಿನಾ ಹಿಟ್ಟು ತೂಗತಾರ" ಎಂದ. ನೀವು ತೂಗುವುದು! ನನಗೆ ಕೆಮ್ಮು ಬಂದು ಒಳಗೆ ಹೋಗಿ ನೀರು ಕುಡಿದು ಬಂದೆ. ಬರುವಷ್ಟರಲ್ಲಿ ಅವರು ಇನ್ನೊಂದು ಕೇಳಿದ್ದರು. ಗೀರುಗಳೆಲ್ಲ ಬಲಗೈಗೆ ಕಟ್ಟಿದವರ ಗಡಿಯಾರದಲ್ಲಿ ಬೀಳುವ ಕಡೆ ಇವೆ, ಮಾಲಕರು ಎಡಚರೋ ಎಂದು. ರಾಚಪ್ಪ ಹೂಂ ಎಂದುಬಿಟ್ಟ. ಗುರುರಾಜ ಫೋನಿನಲ್ಲಿ ಲಕ್ಷ್ಮಿ ಕಳಿಸಿದ ಫೋಟೋ ತೆಗೆದ. ಅದರಲ್ಲಿ ನೀವು ಎಡಗೈಗೆ ಗಡಿಯಾರ ಕಟ್ಟಿ, ಬಲಗೈಯಲ್ಲಿ ಪೆನ್ನು ಹಿಡಿದು, ಏನನ್ನೂ ಬರೆಯದೆ ಕ್ಯಾಮೆರಾ ನೋಡುತ್ತ ಕೂತಿದ್ದೀರಿ. ರಾಚಪ್ಪ ಅಂಗಡಿಯ ಮೂಲೆಯಲ್ಲಿದ್ದ ಕೊಡಗಳನ್ನು ಒರೆಸಲು ಎದ್ದು ಹೋದ.

ಹೀಗೆ ನಿಮ್ಮ ಮಾನ ರಿಬ್ಬನ್ನಿನಲ್ಲಿ ತೂಗಾಡುತ್ತಿದ್ದಾಗ, ಗುರುರಾಜ ದಾಖಲೆಗೆ ಬೇಕೆಂದು ಫೋನು ನನ್ನ ಕಡೆ ತಿರುಗಿಸಿ, "ಅವ್ವಾರ, ಮೊದಲಿನ ಮಾಲಕರ ಹೆಸರು ಹೇಳ್ರಿ" ಎಂದ. ನಿಮ್ಮ ಹೆಸರು! ಮದುವೆಯಾದಾಗಿನಿಂದ ಬಿಡಿಯಾಗಿ ನಾನು ಅದನ್ನು ಹೇಳಿಲ್ಲ. ಆಸ್ಪತ್ರೆಯಲ್ಲಿ ಬರೆಸುವಾಗಲೂ ಲಕ್ಷ್ಮಿ ಹೇಳಿದ್ದಾಳೆ. ರಾಚಪ್ಪ ಕೊಡಗಳ ಹಿಂದಿದ್ದ. ಹೆಸರು ಕೇಳಿದರೆ ಒಡಪು ಹಾಕಿ, ಪದದೊಳಗೆ ಸೇರಿಸಿ ಹೇಳುವುದೊಂದೇ ನನಗೆ ಗೊತ್ತಿರುವ ದಾರಿ. ಮದುಮಗಳಾಗಿ ಹೊಸ್ತಿಲಲ್ಲಿ ನಿಂತಾಗ ಹೇಳಿದ್ದು ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ:

"ಬೆಳ್ಳಿ ತಾಟಿನ್ಯಾಗ ಬಿಳಿಜ್ವಾಳದ ರೊಟ್ಟಿ,
ಅಪ್ಪಣ್ಣಾರ ಗಡಿಯಾರ ನಡಿಯಾಕ ನನ್ನ ರಟ್ಟಿ ಗಟ್ಟಿ."

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆನೆಂದು ನನಗೇ ತಿಳಿಯಿತು. ಬಾಯಿಗೆ ಕೈ ಅಡ್ಡ ಹಿಡಿದೆ. ಕಾಶಿನಾಥ ಅವರು ಭೂತಗಾಜು ತೆಗೆದು ನನ್ನ ಬಲಗೈ ನೋಡಿದರು, ಸೂಜಿಯ ತುದಿಯ ಹಿಟ್ಟು ನೋಡಿದರು, ಮತ್ತೆ ನನ್ನ ಕೈ ನೋಡಿದರು. "ಅವ್ವಾರ, ಇನ್ನೊಮ್ಮೆ ಹೇಳ್ರಿ" ಎಂದರು. ಗುರುವಾರದಿಂದ ನನ್ನ ಕೈ ನೋಡಿ ತಾನೇ ತಿಳಿದುಕೊಂಡಿದ್ದ ರಾಚಪ್ಪನ ಹೆಂಡತಿ ಒಳಗಿನಿಂದ ಬಂದು ಎಲ್ಲವನ್ನೂ ಹೇಳಿಬಿಟ್ಟಳು, ನಾನು ಹೇಳುವುದಕ್ಕಿಂತ ಚೆನ್ನಾಗಿಯೇ ಹೇಳಿದಳು.

ಆಮೇಲೆ ವ್ಯಾಪಾರ ಅಂಗಡಿಯಿಂದ ಅಡುಗೆಮನೆಗೆ ಬಂತು. ನಾನು ರೊಟ್ಟಿ ಬಡಿದೆ, ಅವರು ವಿಡಿಯೋ ಮಾಡಿದರು. ಗಡಿಯಾರದೊಳಗೆ ತಿರುಗುವ ತುಂಡಿನ ಸದ್ದು ಕೇಳಬೇಕೆಂದು ಗುರುರಾಜ ಕಿವಿಯನ್ನು ನನ್ನ ಕೈಯ ಹತ್ತಿರ ತಂದ, ಹಂಚಿನ ಝಳ ಹೊಡೆದು ಅಷ್ಟೇ ಬೇಗ ಹಿಂದೆ ಸರಿದ. ಬಡಿದ ರೊಟ್ಟಿಯನ್ನು ಏನು ಮಾಡುವುದು, ಬದನೆಕಾಯಿ ಎಣ್ಣೆಗಾಯಿ ಇತ್ತು, ಇಬ್ಬರೂ ಉಂಡರು. ಕಾಶಿನಾಥ ಅವರು ಮೂರನೆಯ ರೊಟ್ಟಿಗೆ ಕೈ ಚಾಚುತ್ತ, "ಇಂಥಾ ಗಡಿಯಾರ ನಾಕೈದು ನೋಡೇನ್ರಿ. ಇಂಥಾ ಕಥಿ ಇರೋ ಗಡಿಯಾರ ಒಂದೂ ನೋಡಿಲ್ಲ" ಎಂದರು. ಅವರು ಹೇಳಿದ ಬೆಲೆ ಕೇಳಿ ರಾಚಪ್ಪ ಬೋರಲು ಹಾಕಿದ ಕೊಡದ ಮೇಲೆ ಕುಕ್ಕರಿಸಿದ. ಕೊಡಕ್ಕೆ ಬಿದ್ದ ತಗ್ಗು ಇನ್ನೂ ಹಾಗೆಯೇ ಇದೆ.

ಒಂದು ಕರಾರು ಇದೆ. ಕಥೆ ಖರೆ ಎಂದು ಮಾಲಕರ ಬಾಯಿಯಿಂದಲೇ ಬರಬೇಕಂತೆ. "ಕಟ್ಟಿದಾವ ನಾನು, ನಡಿಸಿದಾಕಿ ನನ್ನ ಹೆಂಡತಿ" ಎಂದು ನೀವು ಕ್ಯಾಮೆರಾ ನೋಡಿ ಹೇಳಬೇಕು. ಅದಕ್ಕಾಗಿ ಬುಧವಾರ ಅವರು ಮೂಡಲಗಿಗೇ ಬರುತ್ತಾರೆ. ವಿಡಿಯೋವನ್ನು ನೂರಾರು ಜನ ನೋಡುತ್ತಾರೆ ಎಂದು ಗುರುರಾಜ ಹೇಳಿದ. ನಾಗನೂರಿನವರೂ ನೋಡುತ್ತಾರೆ ಎಂದು ನಾನು ಸೇರಿಸುತ್ತೇನೆ.

ಇಂಥ ಗಡಿಯಾರಗಳನ್ನು ಮನೆಯಲ್ಲಿ ಹೇಗೆ ಇಡುತ್ತೀರಿ ಎಂದು ಕೇಳಿದೆ. ಕಾಶಿನಾಥ ಅವರು ವಿಡಿಯೋ ತೋರಿಸಿದರು. ಒಂದು ಗಾಜಿನ ಡಬ್ಬಿ, ಒಳಗೆ ಕರೆಂಟಿನಿಂದ ತಿರುಗುವ ಮೆತ್ತೆ, ಅದಕ್ಕೆ ಗಡಿಯಾರ ಸುತ್ತಿಟ್ಟರೆ ಯಾರೂ ಕಟ್ಟದಿದ್ದರೂ ನಡೆಯುತ್ತದಂತೆ. ನಾನು ಮಾಡುತ್ತಿದ್ದ ಕೆಲಸಕ್ಕೆ ಒಂದು ಡಬ್ಬಿ ಬಂದಿದೆ! ಡಬ್ಬಿ ಒಳ್ಳೆಯದೇ, ಗಂಡನ ಮಾತು ಕೇಳಿ ಸಿಟ್ಟಾಗುವುದಿಲ್ಲ. ಆದರೆ ಅದು ಹಾಗೆ ಯಾರಿಗಾಗಿಯೂ ಅಲ್ಲದೆ ಗಿರಗಿರ ತಿರುಗುವುದನ್ನು ನೋಡಿ ನಾನು ಕೈಯ ಗಡಿಯಾರದ ಮೇಲೆ ಸೆರಗು ಎಳೆದುಕೊಂಡೆ. ಕೊಡುತ್ತೀರೇನ್ರಿ ಎಂದು ಅವರು ಕೇಳಿದಾಗ, "ಮನಿಯವರನ್ನ ಕೇಳಬೇಕ್ರಿ" ಎಂದೆ. ನಿಮ್ಮನ್ನು ಕೇಳದೆ ನಾನು ಏನನ್ನೂ ಮಾಡಿಲ್ಲ, ನಾಗನೂರಿನಿಂದ ಬಸ್ಸು ಹತ್ತಿದ್ದೊಂದು ಬಿಟ್ಟು.

ಈಗ ಕೇಳುತ್ತಿದ್ದೇನೆ. ಮಾರುವುದು ಬಿಡುವುದು ಆಮೇಲಿನ ಮಾತು, ಗಡಿಯಾರ ನಿಮ್ಮದು, ಅಪ್ಪ ನಿಮ್ಮ ಕೈಗೆ ಕಟ್ಟಿದ್ದು. ನನಗೆ ಬೇಕಾದದ್ದು ಆ ಒಂದು ಮಾತು. ಅದನ್ನು ಹೇಳುತ್ತೀರೋ ಇಲ್ಲವೋ? ಕ್ಯಾಮೆರಾ ಮುಂದೆ ಕೂಡ ಬೇಡ, ನನ್ನ ಮುಂದೆ ಒಮ್ಮೆ ಹೇಳಿದರೂ ನಡೆಯುತ್ತದೆ. ಹೇಳದಿದ್ದರೆ ನಾನು ಇಲ್ಲಿಯೇ ಇರುತ್ತೇನೆ, ಗಡಿಯಾರ ಡಬ್ಬಿಗೆ ಹೋಗಲಿ, ನೀವು ಗಾದಿಯ ಮೇಲಿರಿ. ಮೂವರೂ ಅವರವರ ಜಾಗದಲ್ಲಿ ಇದ್ದುಬಿಡೋಣ.

ಬುಧವಾರ ಗಡಿಯಾರವನ್ನು ರಾಚಪ್ಪ ತರುತ್ತಾನೆ. ನಾನು ಬರುವುದಿಲ್ಲ. ನನಗೆ ಇಲ್ಲಿ ಕೈತುಂಬ ಕೆಲಸವಿದೆ, ಇವತ್ತು ಭೋಗಿ ಬೇರೆ, ಸಜ್ಜಿ ರೊಟ್ಟಿ ಬಡಿಯುವುದು ಇನ್ನೂ ಮುಗಿದಿಲ್ಲ. ನಿಮ್ಮ ಬಿ.ಪಿ. ಗುಳಿಗೆ ಟೀವಿಯ ಹಿಂದಿನ ಸ್ಟೀಲಿನ ಡಬ್ಬಿಯಲ್ಲಿದೆ. ಇದನ್ನು ಕಾಳಜಿ ಎಂದು ತಿಳಿಯಬೇಡಿ. ಡಬ್ಬಿ ನನ್ನ ತವರಿನದು, ಗುಳಿಗೆ ಮುಗಿದರೆ ವಾಪಸು ಬೇಕು.

ಬಾಯಿ ಬಿಚ್ಚದೆಯೇ ಇಷ್ಟು ಹೇಳಿದ,
ಚನ್ನವ್ವ

ತಾ.ಕ.
ಮೂಡಲಗಿ, ಮಂಗಳವಾರ, ಸಂಕ್ರಾಂತಿ

ಮೇಲೆ ಬರೆದದ್ದನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕೆಂದು ನಿನ್ನೆ ಎದ್ದಾಗ ತಾಯವ್ವನ ಫೋನು ಬಂತು. ಒಂದು ಮಾತು ಹೇಳದೆ ಉಳಿಸಿಕೊಂಡಿದ್ದಳಂತೆ, ಹಬ್ಬದ ಮುಂದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಹೇಳಿದಳು. ಆ ದಿನ ಆಡಿನ ಕೊರಳಿಗೆ ಗಡಿಯಾರ ಕಟ್ಟುವಾಗ ನೀವು ಅದರ ಜೊತೆ ಮಾತಾಡುತ್ತಿದ್ದಿರಿ. ತಾಯವ್ವ ಬಾಗಿಲ ಹಿಂದೆ ನಿಂತು ಕೇಳಿದ್ದಾಳೆ. "ನನಗ ಮೊದಲಿಂದ ಗೊತ್ತಿತ್ತಲೇ. ಹಿಟ್ಟು ಊದಿ ಕಟ್ಟಿಕೊಳ್ಳೂ ಮುಂದ ದಿನಾ ಗೊತ್ತಾಗತಿತ್ತು. ಗೊತ್ತೈತಿ ಅಂದ್ರ ಆಕಿ ಕಟ್ಟೂದು ಬಿಡತಾಳ ಅಂತ ಸುಮ್ಮನಿದ್ದೆ. ಈಗ ಆಕಿ ಇಲ್ಲ, ಇದು ನಿಂತದ್ದು ನನಗ ನೋಡಾಕ ಆಗವಲ್ದು, ಮಾರಿಬಿಡತೇನಿ" ಎಂದಿರಂತೆ.

ನಲವತ್ತು ವರ್ಷ ನನಗೆ ಹೇಳಲಾಗದ್ದನ್ನು ಆಡಿಗೆ ಹೇಳಿದಿರಿ.

ರಾಚಪ್ಪ ಬರುವುದಿಲ್ಲ. ನಾಳೆ ಬರಬೇಡಿ ಎಂದು ಧಾರವಾಡದವರಿಗೂ ಫೋನು ಮಾಡಿಸಿದ್ದೇನೆ. ಈ ಪತ್ರವನ್ನು ನಿಮಗೆ ಕೊಟ್ಟದ್ದು ಕಂಡಕ್ಟರ್ ಅಲ್ಲ, ತಾಯವ್ವ ಎಂದು ನೀವು ನೋಡಿರುತ್ತೀರಿ. ನಾನು ಎದುರಿಗೆ ಅವಳ ಕಟ್ಟೆಯ ಮೇಲೆ, ಆ ಆಡಿನ ಪಕ್ಕದಲ್ಲಿ ಕೂತಿದ್ದೇನೆ. ಗಡಿಯಾರ ಕೈಯಲ್ಲಿದೆ, ನಡೆಯುತ್ತಿದೆ. ಸೆರಗಿನಲ್ಲಿ ಕುಸುರೆಳ್ಳು ಇದೆ. ಮಾತು ಬಿಟ್ಟವರೂ ಇವತ್ತು ಎಳ್ಳು ಹಂಚಿ ಮಾತಿಗೆ ಕೂಡುತ್ತಾರೆ, ಯಾರಾದರೂ ಕೇಳಿದರೆ ಹಬ್ಬಕ್ಕಾಗಿ ಬಂದೆ ಎನ್ನುತ್ತೇನೆ.

ಆದರೆ ಮೊದಲು ಬಾಯಿ ಬಿಚ್ಚುವವಳು ನಾನಲ್ಲ. ಓದಿ ಮುಗಿದಿದ್ದರೆ ಎದ್ದು, ರಸ್ತೆ ದಾಟಿ ಬನ್ನಿ. ಏನು ಮಾತಾಡಬೇಕೆಂದು ತಿಳಿಯದಿದ್ದರೆ ಟೈಮ್ ಎಷ್ಟಾಯಿತೆಂದು ಕೇಳಿ. ನನಗೆ ಅಷ್ಟು ಸಾಕು.